ಕಾಲಿಗೆ ಚುಚ್ಚಿದ ಸೂಜಿಗೆ ಸೊಂಟದ ನೋವು ಹೆಂಗೆ ಕಮ್ಮಿ ಆಗತ್ತೆ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನಗೆ 47 ವರ್ಷ, ದಾವಣಗೆರೆ ಹತ್ರ ಪ್ರೈಮರಿ ಸ್ಕೂಲ್ ಟೀಚರ್. 6 ವರ್ಷದಿಂದ ಸೊಂಟ ನೋವು. ಎಂಆರ್‌ಐ ಮಾಡಿಸಿದ್ರೆ ವಯಸ್ಸಿಗೆ ತಕ್ಕ ಸವೆತ ಅಷ್ಟೇ, ಆಪರೇಷನ್ ಏನೂ ಬೇಡ ಅಂದ್ರು. ನೋವಿನ ಮಾತ್ರೆ ನುಂಗಿ ನುಂಗಿ ಗ್ಯಾಸ್ಟ್ರಿಕ್ ಶುರುವಾಯ್ತು. ನಾದಿನಿ ಹೇಳಿದ್ರು ಅಂತ ಅಕ್ಯುಪಂಕ್ಚರ್‌ಗೆ ಹೋದೆ, 5 ಸಿಟ್ಟಿಂಗ್ ಆಗಿದೆ, ನೋವು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ. ಇಂಜಿನಿಯರಿಂಗ್ ಓದ್ತಿರೋ ಮಗ ‘ಅದೆಲ್ಲ ಮನಸ್ಸಿನ ಭ್ರಮೆ ಅಮ್ಮ’ ಅಂತ ನಗ್ತಾನೆ. ಸೂಜಿ ಹಾಕೋರು ‘ಚೀ ಶಕ್ತಿ ಬ್ಲಾಕ್ ಆಗಿದೆ, ಬಿಡಿಸ್ತಾ ಇದೀವಿ’ ಅಂತಾರೆ. ನೋವಿರೋದು ಸೊಂಟದಲ್ಲಿ, ಚುಚ್ಚೋದು ಮೊಣಕಾಲ ಹಿಂದೆ, ಪಾದದ ಹತ್ರ, ಕೈ ಹೆಬ್ಬೆರಳ ಸಂದೀಲಿ! ನರಕ್ಕೆ ನಿಜವಾಗ್ಲೂ ಏನಾದ್ರೂ ಆಗತ್ತಾ?

ಉತ್ತರ: ನಮಸ್ಕಾರ ಮೇಡಂ. ಮೊದಲು ನಾನೇ ಒಂದು ಪ್ರಶ್ನೆ ಕೇಳ್ತೀನಿ. ಹೆಬ್ಬೆರಳ ಸಂದೀಲಿ ಸೂಜಿ ಹಾಕಿ ಸ್ವಲ್ಪ ತಿರುಗಿಸಿದಾಗ ನಿಮಗೆ ಏನನ್ನಿಸ್ತು? ಇಂಜೆಕ್ಷನ್ ತರ ಚುಳ್ ಅನ್ನಲ್ಲ ಅದು. ಒಂದು ಕ್ಷಣ ಏನೂ ಇರಲ್ಲ, ಆಮೇಲೆ ಒಳಗೆಲ್ಲೋ ಜುಮ್ ಅಂದು, ಭಾರ ಆಗಿ, ಯಾರೋ ಒಳಗಿಂದ ಹಿಡ್ಕೊಂಡಂಗೆ, ಜೋಮು ಹಿಡಿದಂಗೆ ಕೈ ಮೇಲೆ ಹರಡತ್ತೆ, ನಮ್ಮ ಪೇಷೆಂಟ್‌ಗಳಲ್ಲಿ ತುಂಬ ಜನ ‘ಒಂಥರಾ ಆಗ್ತಿದೆ ಸಾರ್, ನೋವಲ್ಲ, ಹೇಳಕ್ಕೆ ಬರ್ತಿಲ್ಲ’ ಅಂತಾರೆ. ಚೀನಾದವರು ಇದನ್ನ ‘ದೇ ಚೀ’ ಅಂತ ಕರೀತಾರೆ, ಅಂದ್ರೆ ಚೀ (ಮೈಯಲ್ಲಿ ಹರಿಯತ್ತೆ ಅಂತ ಅವರು ನಂಬೋ ಜೀವಶಕ್ತಿ) ಬಂತು ಅಂತ. ಹಳೇ ಕಾಲದಲ್ಲಿ ನರ ಗಿರ ಏನೂ ಗೊತ್ತಿಲ್ದೆ ಇದ್ದಾಗ ಅವರು ಅದಕ್ಕೊಂದು ಹೆಸರಿಟ್ಟಿದ್ರು, ತಪ್ಪೇನಿಲ್ಲ, ಆದ್ರೆ ನೀವು ಕೇಳಿರೋ ನರದ ಕತೆ ಶುರುವಾಗೋದೇ ಆ ‘ಒಂಥರಾ’ ಇಂದ.

ಅಕ್ಯುಪಂಕ್ಚರ್ ಸೂಜಿ ಸುಮಾರು 0.25 ಮಿಲಿಮೀಟರ್ ದಪ್ಪ ಇರತ್ತೆ, ಗಟ್ಟಿ ತಂತಿ, ಒಳಗೆ ತೂತಿಲ್ಲ, ಔಷಧಿ ಏನೂ ಹೋಗಲ್ಲ. ಅದು ಚರ್ಮ ದಾಟಿ ಸ್ನಾಯುವಿನೊಳಗೆ ಹೋದಾಗ ಅಲ್ಲಿರೋ ಸಣ್ಣ ಸಣ್ಣ ನರತಂತುಗಳು ಎಚ್ಚರ ಆಗ್ತವೆ. ನರತಂತು ಅಂದ್ರೆ ಒಂದೇ ಜಾತಿ ಅಲ್ಲ. ದಪ್ಪಗಿರೋ ಎ-ಬೀಟಾ ತಂತುಗಳು ಮುಟ್ಟಿದ್ದು ಸವರಿದ್ದನ್ನ ಮಿದುಳಿಗೆ ಹೇಳ್ತವೆ, ತೆಳ್ಳಗಿರೋ ಎ-ಡೆಲ್ಟಾ ತಂತು ಚುಳ್ ಅನ್ನೋ ನೋವು ಹೇಳತ್ತೆ, ಇನ್ನೂ ತೆಳ್ಳಗೆ ನಿಧಾನಕ್ಕೆ ಸಾಗೋ ಸಿ ತಂತು ಮಂದ ನೋವು, ಉರಿ, ಸೆಳೆತ ಹೇಳತ್ತೆ. ಆ ಭಾರ, ಹಿಡ್ಕೊಂಡಂಗಾಗೋದು ಇದೆಯಲ್ಲ, ಅದು ಬಹುತೇಕ ಸ್ನಾಯುವಿನ ಈ ತೆಳು ತಂತುಗಳ ಕೆಲಸ. ಸೂಜಿ ಹಾಕೋ ಜಾಗಕ್ಕೆ ಮೊದಲೇ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಆಮೇಲೆ ಚುಚ್ಚಿದ್ರೆ ಏನಾಗತ್ತೆ ಅಂತ 1970ರ ದಶಕದಲ್ಲೇ ಚೀನಾದಲ್ಲಿ ನೋಡಿದ್ರು. ದೇ ಚೀನೂ ಬರಲಿಲ್ಲ, ನೋವೂ ಕಮ್ಮಿ ಆಗಲಿಲ್ಲ. ಚೀ ಹರಿಯೋಕೆ ಬೇರೆ ದಾರಿ ಇದ್ದಿದ್ರೆ ಮರಗಟ್ಟೋ ಔಷಧಿ ಅದನ್ನ ಯಾಕೆ ತಡೀಬೇಕು? ನಿಮ್ಮ ಮಗನಿಗೂ ಇದನ್ನೇ ಹೇಳಿ, ಸುದ್ದಿ ಹೋಗೋದು ನರದ ತಂತಿ ಮೇಲೇನೇ.

ಚುಚ್ಚಿದ ಜಾಗದಲ್ಲೂ ಒಂದು ಸಣ್ಣ ಕೆಲಸ ನಡೆಯತ್ತೆ. 2010ರಲ್ಲಿ ಅಮೆರಿಕದ ರೋಚೆಸ್ಟರ್ ಯೂನಿವರ್ಸಿಟಿಯವರು ಇಲಿಗಳ ಮೊಣಕಾಲ ಕೆಳಗೆ ಸೂಜಿ ಹಾಕಿ ಆಗಾಗ ತಿರುಗಿಸ್ತಾ ಅಲ್ಲಿನ ದ್ರವ ತೆಗೆದು ನೋಡಿದ್ರು, ಅಡೆನೊಸಿನ್ ಅನ್ನೋ ರಾಸಾಯನಿಕ ಸುಮಾರು 24 ಪಟ್ಟು ಏರಿತ್ತು. ಅದು ಅಕ್ಕಪಕ್ಕದ ನೋವಿನ ತಂತುಗಳನ್ನ ಸುಮ್ಮನಾಗಿಸತ್ತೆ. ಅಡೆನೊಸಿನ್ ಕೂತ್ಕೊಳ್ಳೋ ಜಾಗವೇ ಇಲ್ಲದ ಹಾಗೆ ಹುಟ್ಟಿಸಿದ ಇಲಿಗಳಲ್ಲಿ ಸೂಜಿ ಹಾಕಿದ್ರೂ ಉಪಯೋಗ ಆಗಲಿಲ್ಲ. ಆದ್ರೆ ಇದು ಚುಚ್ಚಿದ ಜಾಗದ ಸುತ್ತಮುತ್ತದ ಕತೆ, ನಿಮ್ಮ ಸೊಂಟಕ್ಕೆ ಇದರಿಂದ ಉತ್ತರ ಸಿಗಲ್ಲ.

ಮುಂದಿನ ಸ್ಟಾಪು ಬೆನ್ನುಹುರಿ. ಮೊಣಕೈ ಬಾಗಿಲಿಗೆ ತಾಗಿದ್ರೆ ತಕ್ಷಣ ನಾವೇನು ಮಾಡ್ತೀವಿ? ಉಜ್ಜಿಕೊಳ್ತೀವಿ, ಯಾರೂ ಹೇಳಿಕೊಡಬೇಕಿಲ್ಲ. ಉಜ್ಜಿದ್ರೆ ಯಾಕೆ ಹಾಯ್ ಅನ್ಸತ್ತೆ ಅನ್ನೋದಕ್ಕೆ 1965ರಲ್ಲಿ ಮೆಲ್ಜಾಕ್ ಮತ್ತೆ ವಾಲ್ ಅನ್ನೋ ಇಬ್ಬರು ಒಂದು ವಿವರಣೆ ಕೊಟ್ರು, ಬೆನ್ನುಹುರಿಯ ಹಿಂಭಾಗದಲ್ಲಿ ಒಂದು ಗೇಟ್ ಇದೆ ಅಂತ ಇಟ್ಕೊಳ್ಳಿ, ಮುಟ್ಟಿದ ಸುದ್ದಿ ತರೋ ದಪ್ಪ ತಂತುಗಳು ಜೋರಾಗಿ ಬಂದ್ರೆ ಆ ಗೇಟು ಅರ್ಧ ಮುಚ್ಚಿಕೊಳ್ಳತ್ತೆ, ಹಿಂದೆ ಬರ್ತಿರೋ ನೋವಿನ ಸುದ್ದಿಗೆ ಜಾಗ ಕಮ್ಮಿ ಆಗತ್ತೆ. ಬಿಎಂಟಿಸಿ ಬಸ್ ಬಾಗಿಲಲ್ಲಿ ನಾಲ್ಕು ದಪ್ಪ ಜನ ನಿಂತಂಗೆ! ಆಮೇಲೆ ಈ ಥಿಯರೀಲಿ ಎಷ್ಟೋ ತಿದ್ದುಪಡಿ ಆಗಿದೆ, ಆದ್ರೆ ಬೆನ್ನುಹುರಿ ಬರೀ ಪೈಪ್ ಅಲ್ಲ, ಅಲ್ಲೇ ಸುದ್ದಿ ಸೋಸಿ ಕಳಿಸ್ತಾರೆ ಅನ್ನೋ ಮಾತು ಮಾತ್ರ ಉಳೀತು. ಸೊಂಟದ ಪಕ್ಕದಲ್ಲೇ ಹಾಕೋ ಸೂಜಿಗಳು, ಅದಕ್ಕೆ ಕರೆಂಟ್ ಕೊಡೋದು, ಫಿಸಿಯೋಥೆರಪಿಯವರು ಚರ್ಮಕ್ಕೆ ಅಂಟಿಸಿ ಸಣ್ಣ ಕರೆಂಟ್ ಕೊಡೋ ಟೆನ್ಸ್ ಮಷೀನು, ಇವೆಲ್ಲ ಒಂದಷ್ಟು ಈ ದಾರೀಲಿ ಕೆಲಸ ಮಾಡ್ತವೆ.

ಸರಿ, ನೀವು ಕೇಳಿದ್ದು ದೂರದ ಸೂಜಿ ಬಗ್ಗೆ. ಇಲ್ಲೇ ವಿಷಯ ಚೆನ್ನಾಗಿರೋದು.

ನಮ್ಮ ಹಳ್ಳಿಗಳಲ್ಲಿ ಬರೆ ಹಾಕೋದು ನೋಡಿರ್ತೀರ, ಇಲ್ಲ ಅಜ್ಜಿ ಮೈಮೇಲಿನ ಕಲೆಯಾದ್ರೂ ನೋಡಿರ್ತೀರ. ಹೊಟ್ಟೆ ನೋವು, ಸೊಂಟ ಹಿಡಿದದ್ದು, ಏನಿದ್ರೂ ಕಬ್ಬಿಣ ಕಾಸಿ ಒಂದು ಬರೆ ಎಳೆಯೋರು. ಕ್ರೂರ ಪದ್ಧತಿ, ದಯವಿಟ್ಟು ಯಾರೂ ಮಾಡಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಆದ್ರೆ ಬರೆ ಹಾಕಿಸ್ಕೊಂಡವರು ‘ನೋವು ಹೋಯ್ತು’ ಅಂತಿದ್ದಿದ್ದು ಪೂರ್ತಿ ಸುಳ್ಳಲ್ಲ. 1979ರಲ್ಲಿ ಫ್ರಾನ್ಸ್‌ನ ಲೆ ಬಾರ್ ಮತ್ತೆ ಜೊತೆಯವರು ಇಲಿಗಳ ಬೆನ್ನುಹುರಿಯ ನರಕೋಶಗಳನ್ನ ಅಳೀತಾ ಒಂದು ವಿಚಿತ್ರ ಕಂಡರು. ಒಂದು ಕಾಲಿನ ನೋವಿಗೆ ಪಟಪಟ ಅಂತ ಸದ್ದು ಮಾಡ್ತಿದ್ದ ನರಕೋಶ, ಮೈಯಲ್ಲಿ ಬೇರೆ ಎಲ್ಲೋ ದೂರದಲ್ಲಿ, ಬಾಲದಲ್ಲೋ ಮೂತೀಲೋ ಇನ್ನೊಂದು ನೋವು ಕೊಟ್ಟ ತಕ್ಷಣ ತೆಪ್ಪಗಾಗ್ತಿತ್ತು. ಒಂದು ನೋವು ಇನ್ನೊಂದು ನೋವನ್ನ ಒತ್ತಿ ಹಾಕತ್ತೆ. ಇದಕ್ಕೆ ಮಿದುಳು ಕಾಂಡ ಬೇಕು, ಅಂದ್ರೆ ಸುದ್ದಿ ಮೇಲೆ ಹೋಗಿ ಅಲ್ಲಿಂದ ‘ಸಾಕು ಸುಮ್ಮನಿರಿ’ ಅಂತ ಆರ್ಡರ್ ಕೆಳಗಿಳಿದು ಬರಬೇಕು. ಆರ್ಡರ್ ಬರೋದು ಇಡೀ ಬೆನ್ನುಹುರಿಗೆ, ಹಂಗಾಗಿ ಕೈಯಲ್ಲಿ ಚುಚ್ಚಿದ್ದು ಸೊಂಟಕ್ಕೂ ಮುಟ್ಟತ್ತೆ. ಸೂಜಿ ಅನ್ನೋದು ಬರೆಯ ತುಂಬಾ ಸಭ್ಯ ರೂಪ ಅಂತ ನಾನು ತಮಾಷೆಗೆ ಹೇಳ್ತಿರ್ತೀನಿ. ಆದ್ರೆ ಇದೊಂದೇ ಆಗಿದ್ರೆ ಸೂಜಿ ತೆಗೆದ ಸ್ವಲ್ಪ ಹೊತ್ತಿಗೇ ನೋವು ವಾಪಸ್ ಬರಬೇಕಿತ್ತು, ನಿಮಗೆ ದಿನಗಟ್ಟಲೆ ಇರ್ತಿದೆ, ಹಾಗಾಗಿ ಇನ್ನೂ ಏನೋ ನಡೀತಿರಬೇಕು.

ಆರ್ಡರ್ ಇಳಿಯೋ ದಾರಿ ಈಗ ಚೆನ್ನಾಗೇ ಗೊತ್ತಿದೆ. ನಡುಮಿದುಳಿನಲ್ಲಿ ಪೆರಿಅಕ್ವಿಡಕ್ಟಲ್ ಗ್ರೇ ಅಂತ ಒಂದು ಜಾಗ, ಅದರ ಕೆಳಗೆ ಮೆಡುಲ್ಲಾದ (ಮಿದುಳು ಕಾಂಡದ ಕೆಳಭಾಗ) ಕೇಂದ್ರಗಳು, ಅಲ್ಲಿಂದ ಸೆರೊಟೋನಿನ್, ನಾರ್‌ಅಡ್ರಿನಲಿನ್ ಅನ್ನೋ ರಾಸಾಯನಿಕ ಹೊತ್ತ ತಂತುಗಳು ಬೆನ್ನುಹುರಿಗೆ ಇಳಿದು ನೋವಿನ ಗೇಟನ್ನ ಬಿಗಿ ಮಾಡ್ತವೆ. ಈ ದಾರಿ ತುಂಬ ಮೈಯ ಒಳಗೇ ತಯಾರಾಗೋ ಮಾರ್ಫಿನ್ ತರದ ವಸ್ತುಗಳಿವೆ, ಎಂಡಾರ್ಫಿನ್, ಎನ್ಕೆಫಲಿನ್, ಡೈನಾರ್ಫಿನ್ ಅಂತ.

ಇದು ಗೊತ್ತಾಗಿದ್ದರ ಕತೆ ಸ್ವಲ್ಪ ಹೇಳ್ತೀನಿ. ಬೀಜಿಂಗ್‌ನ ಹಾನ್ ಜಿಶೆಂಗ್ ಅನ್ನೋ ಶರೀರಕ್ರಿಯಾ ವಿಜ್ಞಾನಿ ಆರೋಗ್ಯವಂತ ವಾಲಂಟಿಯರ್‌ಗಳಿಗೆ ಹೆಬ್ಬೆರಳ ಸಂದೀಲಿ, ನಿಮಗೆ ಹಾಕ್ತಾರಲ್ಲ ಅದೇ ಜಾಗದಲ್ಲಿ, ಸೂಜಿ ಹಾಕಿ ಮೈಯ ಬೇರೆ ಬೇರೆ ಕಡೆ ಎಷ್ಟು ನೋವು ತಡಕೊಳ್ತಾರೆ ಅಂತ ಅಳೆದ್ರು. ಸಹನೆ ತಕ್ಷಣ ಏರಲಿಲ್ಲ, ನಿಧಾನಕ್ಕೆ ಏರ್ತಾ ಸುಮಾರು ಅರ್ಧ ಗಂಟೆಗೆ ತುದಿ ಮುಟ್ತು, ಸೂಜಿ ತೆಗೆದ ಮೇಲೂ ನಿಧಾನಕ್ಕೇ ಇಳೀತು, ಪ್ರತಿ 16 ನಿಮಿಷಕ್ಕೆ ಅರ್ಧರ್ಧ. ಬರೀ ನರದ ಕರೆಂಟ್ ಆಗಿದ್ರೆ ಸ್ವಿಚ್ ತರ ಆನ್ ಆಫ್ ಆಗಬೇಕಿತ್ತು, ಹಿಂಗೆ ನಿಧಾನಕ್ಕೆ ಏರಿ ಇಳಿಯೋದಾದ್ರೆ ಯಾವುದೋ ರಾಸಾಯನಿಕ ಒಸರ್ತಿರಬೇಕು ಅನ್ನೋದು ಅವರ ಲೆಕ್ಕ. (ನಿಮ್ಮನ್ನ 20-30 ನಿಮಿಷ ಮಲಗಿಸೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.) ಆಮೇಲೆ ಒಂದು ಮೊಲಕ್ಕೆ ಅಕ್ಯುಪಂಕ್ಚರ್ ಮಾಡಿ ಅದರ ಮಿದುಳಿನ ದ್ರವ ತೆಗೆದು ಸೂಜಿಯನ್ನೇ ಕಾಣದ ಇನ್ನೊಂದು ಮೊಲಕ್ಕೆ ಹಾಕಿದ್ರು, ಆ ಎರಡನೇ ಮೊಲಕ್ಕೂ ನೋವು ಕಮ್ಮಿ ಆಯ್ತು! ಎರಡನೇ ಮೊಲಕ್ಕೆ ಭ್ರಮೆ ಅನ್ನೋಕಾಗಲ್ಲ ನೋಡಿ, ಅದಕ್ಕೆ ಯಾರೂ ಏನೂ ಹೇಳಿರಲಿಲ್ಲ. ಇದು 1970ರ ದಶಕದ ಮೊದಲರ್ಧದ ಮಾತು, ಎನ್ಕೆಫಲಿನ್ ಸಿಕ್ಕಿದ್ದು 1975ರಲ್ಲಿ, ಸ್ಕಾಟ್‌ಲೆಂಡ್‌ನ ಅಬರ್ಡೀನ್‌ನಲ್ಲಿ. ಅದಾದ ಮೇಲೆ ಮಾರ್ಫಿನ್ ಕೆಲಸ ತಡೆಯೋ ನ್ಯಾಲೋಕ್ಸೋನ್ ಅನ್ನೋ ಔಷಧಿ ಕೊಟ್ಟು ನೋಡಿದ್ರು, 1976ರಲ್ಲಿ ಇಲಿಗಳಲ್ಲಿ, 1977ರಲ್ಲಿ ಮನುಷ್ಯರ ಹಲ್ಲುನೋವಲ್ಲಿ, ಎರಡರಲ್ಲೂ ಅಕ್ಯುಪಂಕ್ಚರ್‌ನ ಪರಿಣಾಮ ಇಳಿದುಹೋಯ್ತು.

ನಿಮ್ಮ ಸೂಜಿಗೆ ವೈರ್ ಕ್ಲಿಪ್ ಹಾಕಿ ಸಣ್ಣ ಪೆಟ್ಟಿಗೆಯಿಂದ ಕರೆಂಟ್ ಕೊಡ್ತಾರೆ ಅಂತಿದ್ರೆ ಇನ್ನೊಂದು ಮಜಾ ಇದೆ. ಸೆಕೆಂಡಿಗೆ 2 ಸಲ ಇಟ್ರೆ ಕಾಲಿನ ಬೆರಳು ಟಕ್ ಟಕ್ ಅಂತ ತಾಳ ಹಾಕಿದಂಗೆ ಕುಣಿಯತ್ತೆ, ಆಗ ಹೆಚ್ಚಾಗಿ ಬರೋದು ಎನ್ಕೆಫಲಿನ್ ಮತ್ತೆ ಎಂಡಾರ್ಫಿನ್. 100 ಸಲಕ್ಕೆ ಏರಿಸಿದ್ರೆ ಕುಣಿತ ನಿಂತು ಜುಂಯ್ ಅನ್ನತ್ತೆ, ಆಗ ಬೆನ್ನುಹುರಿಯಲ್ಲಿ ಡೈನಾರ್ಫಿನ್. ಅದಕ್ಕೇ ಎಷ್ಟೋ ಮಷೀನ್‌ಗಳಲ್ಲಿ ಎರಡನ್ನೂ ಒಂದಾದ ಮೇಲೊಂದು ಬದಲಾಯಿಸೋ ಸೆಟ್ಟಿಂಗ್ ಇರತ್ತೆ. ಇದೂ ಹಾನ್ ಅವರ ಕೆಲಸವೇ. ಹಾಗಂತ ಜಾಸ್ತಿ ಹೊತ್ತು ಇಟ್ಕೊಂಡ್ರೆ ಜಾಸ್ತಿ ಉಪಯೋಗ ಅನ್ಕೋಬೇಡಿ, ಗಂಟೆಗಟ್ಟಲೆ ಕೊಡ್ತಾ ಹೋದ್ರೆ ಕೊಲೆಸಿಸ್ಟೊಕೈನಿನ್ ಅನ್ನೋ ಇನ್ನೊಂದು ವಸ್ತು ಏರಿ ಎಂಡಾರ್ಫಿನ್ ಕೆಲಸವನ್ನೇ ಹಾಳು ಮಾಡತ್ತೆ, ಪ್ರಾಣಿಗಳಲ್ಲಿ ಇದನ್ನ ಸ್ಪಷ್ಟವಾಗಿ ತೋರಿಸಿದಾರೆ.

ಈಗ ನಿಮ್ಮ 6 ವರ್ಷಕ್ಕೆ ಬರೋಣ. ಬೆರಳು ಕುಯ್ದುಕೊಂಡ ನೋವೇ ಬೇರೆ, 6 ವರ್ಷದ ನೋವೇ ಬೇರೆ. ಹಳೇ ನೋವಲ್ಲಿ ಗಾಯಕ್ಕಿಂತ ಹೆಚ್ಚು ಕೆಟ್ಟಿರೋದು ಅಲಾರಂ. 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಅನ್ನೋ ವಿಜ್ಞಾನಿ ತೋರಿಸಿದ ಹಾಗೆ, ನೋವಿನ ಸುದ್ದಿ ಒಂದೇ ಸಮ ಬರ್ತಿದ್ರೆ ಬೆನ್ನುಹುರಿಯ ನರಕೋಶಗಳೇ ಸೂಕ್ಷ್ಮ ಆಗಿಬಿಡ್ತವೆ, ಆಮೇಲೆ ಸುಮ್ನೆ ಬಗ್ಗಿ ಚಪ್ಪಲಿ ಹಾಕ್ಕೊಂಡ್ರೂ ಬೆಂಕಿ ಬಿದ್ದಂಗೆ ಬಡ್ಕೊಳ್ತವೆ. ಎಂಆರ್‌ಐ ಚೆನ್ನಾಗಿದ್ದೂ ನೋವು ಜೋರಾಗಿರೋದು ಇದಕ್ಕೇ. ಅದರ ಮೇಲೆ ನಿದ್ದೆ ಕೆಡೋದು, ಪರೀಕ್ಷೆ ಪೇಪರ್ ರಾಶಿ, ‘ಇದು ಹೋಗೋದೇ ಇಲ್ಲ’ ಅನ್ನೋ ಭಯ, ಇವೆಲ್ಲ ಕೆಳಗಿಳಿಯೋ ಆ ಆರ್ಡರನ್ನೇ ದುರ್ಬಲ ಮಾಡ್ತವೆ. ಅಕ್ಯುಪಂಕ್ಚರ್ ಮಾಡೋವಾಗ ಎಫ್‌ಎಂಆರ್‌ಐ (ಮಿದುಳಿನ ಯಾವ ಭಾಗ ಕೆಲಸ ಮಾಡ್ತಿದೆ ಅಂತ ತೋರಿಸೋ ಸ್ಕ್ಯಾನ್) ತೆಗೆದು ನೋಡಿದಾಗ ದೇ ಚೀ ಚೆನ್ನಾಗಿ ಬಂದವರ ಮಿದುಳಲ್ಲಿ ಅಮಿಗ್ಡಲಾದಂಥ ಭಯ, ಭಾವನೆಯ ಜಾಗಗಳು ತಣ್ಣಗಾಗೋದು ಕಂಡಿದೆ. ನಿಮಗೆ ಸಿಟ್ಟಿಂಗ್ ದಿನ ರಾತ್ರಿ ಒಳ್ಳೇ ನಿದ್ದೆ ಬರತ್ತೆ ಅಂತಿದ್ರೆ ನನಗೆ ಆಶ್ಚರ್ಯ ಇಲ್ಲ.

ನನಗೆ ತುಂಬ ಇಷ್ಟವಾದ ಪ್ರಯೋಗ ಅಂದ್ರೆ 2017ರದ್ದು, ಸೊಂಟದ್ದಲ್ಲ, ಕಾರ್ಪಲ್ ಟನಲ್ ಅಂತಾರಲ್ಲ, ಮಣಿಕಟ್ಟಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯೋದು, ಅದರದ್ದು. 80 ಜನರನ್ನ ಮೂರು ಗುಂಪು ಮಾಡಿ, ಒಬ್ಬರಿಗೆ ಮಣಿಕಟ್ಟಲ್ಲೇ, ಇನ್ನೊಬ್ಬರಿಗೆ ದೂರದ ಕಾಲಲ್ಲಿ, ಮೂರನೆಯವರಿಗೆ ಚುಚ್ಚದೇ ಇರೋ ನಕಲಿ ಸೂಜಿ. ಮೂವರೂ ‘ಪರವಾಗಿಲ್ಲ, ಕಮ್ಮಿ ಆಗಿದೆ’ ಅಂದ್ರು. ಆದ್ರೆ ನರದ ವೇಗ ಅಳೆದಾಗ ಸುಧಾರಿಸಿದ್ದು ನಿಜವಾದ ಸೂಜಿ ಹಾಕಿಸ್ಕೊಂಡ ಎರಡು ಗುಂಪಲ್ಲಿ ಮಾತ್ರ, ಮಿದುಳಿನ ಸ್ಪರ್ಶದ ನಕ್ಷೆಯಲ್ಲಿ ಒಂದಕ್ಕೊಂದು ಕಲಸಿಹೋಗಿದ್ದ ಬೆರಳುಗಳ ಜಾಗವೂ ಅಸಲಿ ಸೂಜಿಯವರಲ್ಲಿ ಮತ್ತೆ ಬೇರ್ಪಟ್ಟಿತ್ತು, ಆ ಬದಲಾವಣೆ ಹೆಚ್ಚು ಆದವರಿಗೇ 3 ತಿಂಗಳ ನಂತರವೂ ಆರಾಮ ಉಳಿದಿತ್ತು.

ಆ ‘ಮೂವರೂ ಪರವಾಗಿಲ್ಲ ಅಂದ್ರು’ ಅನ್ನೋದನ್ನ ನಿಮ್ಮ ಮಗ ಹಿಡ್ಕೊಳ್ತಾನೆ, ಹಿಡ್ಕೊಳ್ಳಲಿ, ಅವನು ಕೇಳೋದು ನ್ಯಾಯವಾಗೇ ಇದೆ. ಜರ್ಮನಿಯಲ್ಲಿ 1162 ಜನ ಹಳೇ ಸೊಂಟ ನೋವಿನವರ ಮೇಲೆ ದೊಡ್ಡ ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದ್ರು. 6 ತಿಂಗಳಿಗೆ, ಸರಿಯಾದ ಪಾಯಿಂಟ್‌ಗೆ ಹಾಕಿದವರಲ್ಲಿ ಶೇ. 47.6, ಬೇಕಂತಲೇ ಪಾಯಿಂಟ್ ಅಲ್ಲದ ಕಡೆ ಮೇಲೆ ಮೇಲೆ ಹಾಕಿದವರಲ್ಲಿ ಶೇ. 44.2, ಮಾತ್ರೆ, ಫಿಸಿಯೋ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 27.4 ಜನಕ್ಕೆ ಗುಣ ಕಾಣಿಸ್ತು. ಅಂದ್ರೆ ಸೂಜಿ ಮಾಮೂಲಿಗಿಂತ ಚೆನ್ನಾಗಿ ಕೆಲಸ ಮಾಡ್ತು, ಆದ್ರೆ ಎಲ್ಲಿ ಚುಚ್ಚಿದ್ರು ಅನ್ನೋದು ಅಷ್ಟೇನೂ ಲೆಕ್ಕಕ್ಕೆ ಬರಲಿಲ್ಲ. ಎಷ್ಟೋ ಪ್ರಯೋಗಗಳ ಸುಮಾರು 18 ಸಾವಿರ ಜನರ ಲೆಕ್ಕ ಒಟ್ಟು ಹಾಕಿ ವಿಕರ್ಸ್ ಅನ್ನೋ ಸಂಶೋಧಕರು ಮತ್ತೆ ತಂಡ 2012ರಲ್ಲಿ ಕೊಟ್ಟ ಉದಾಹರಣೆ ಹಿಂಗಿದೆ: ನೋವಿಗೆ 100ಕ್ಕೆ ಮಾರ್ಕು ಕೊಟ್ರೆ 60 ಇದ್ದವರು ಸೂಜಿ ಇಲ್ಲದೆ 43ಕ್ಕೆ ಇಳೀತಾರೆ, ನಕಲಿ ಸೂಜೀಲಿ 35, ಅಸಲಿ ಸೂಜೀಲಿ 30. ನಕಲಿಗೂ ಅಸಲಿಗೂ ನಡುವೆ ಬರೀ 5 ಮಾರ್ಕು.

ನನ್ನ ಅಭಿಪ್ರಾಯ ಕೇಳಿದ್ರೆ, ಮೆರಿಡಿಯನ್ (ಚೀ ಹರಿಯೋ ದಾರಿ ಅಂತಾರಲ್ಲ) ನಕ್ಷೆ, ಅದೇ ಮಿಲಿಮೀಟರ್‌ಗೆ ಚುಚ್ಚಬೇಕು ಅನ್ನೋ ಹಠ, ಇದಕ್ಕೆಲ್ಲ ಗಟ್ಟಿ ಪುರಾವೆ ಇಲ್ಲ. ನರ ಕೆದಕೋದಕ್ಕೆ ಇದೆ. ಚರ್ಮಕ್ಕೆ ಚುಚ್ಚಿದ ನಕಲಿ ಸೂಜಿಯೂ ನರಕ್ಕೆ ಸೂಜಿಯೇ, ಅದು ಸಕ್ಕರೆ ಗುಳಿಗೆ ತರ ಸುಮ್ಮನಿರಲ್ಲ, ಅದಕ್ಕೇ ವ್ಯತ್ಯಾಸ ಕಮ್ಮಿ ಕಾಣೋದು. ಇನ್ನು ನಂಬಿಕೆಯ ಪಾಲು ಇದ್ದೇ ಇದೆ, ಆದ್ರೆ ನಿಮ್ಮ ಮಗ ‘ಭ್ರಮೆ’ ಅನ್ನೋದು ಎಲ್ಲಿ ತಪ್ಪು ಅಂದ್ರೆ, 1978ರಲ್ಲಿ ಹಲ್ಲು ಕೀಳಿಸ್ಕೊಂಡವರಿಗೆ ಔಷಧಿ ಅಂತ ಹೇಳಿ ಸುಳ್ಳು ಔಷಧಿ ಕೊಟ್ಟು ನೋವು ಕಮ್ಮಿ ಆದವರಿಗೆ ನ್ಯಾಲೋಕ್ಸೋನ್ ಕೊಟ್ರು, ನೋವು ಮತ್ತೆ ಏರಿತು. ನಂಬಿಕೆಯಿಂದ ಬಂದ ಆರಾಮವೂ ಅದೇ ಎಂಡಾರ್ಫಿನ್ ದಾರೀಲೇ ಇಳಿದು ಬರೋದು. ಒಬ್ಬರು ಅರ್ಧ ಗಂಟೆ ನಿಮ್ಮ ಸೊಂಟದ ಬಗ್ಗೆ ಕೂತು ಕೇಳ್ತಾರೆ, ಮುಟ್ಟಿ ನೋಡ್ತಾರೆ, ಮಲಗಿಸ್ತಾರೆ, ನಮ್ಮ ಓಪಿಡಿಯಲ್ಲಿ 4 ನಿಮಿಷಕ್ಕೆ ಚೀಟಿ ಬರೆದು ಕಳಿಸ್ತೀವಿ. ಅಲ್ಲೂ ಒಂದಷ್ಟು ಮಾರ್ಕು ಹೋಗತ್ತೆ, ನಮ್ಮ ತಪ್ಪೇ.

ದೊಡ್ಡ ಸಂಸ್ಥೆಗಳೂ ಒಂದೇ ಮಾತು ಹೇಳಲ್ಲ. ಯಾವ ಚಿಕಿತ್ಸೆ ಕೊಡಬೇಕು ಅಂತ ಸಲಹೆ ಕೊಡೋ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಅಕ್ಯುಪಂಕ್ಚರ್ ಬೇಡ ಅಂತು, 2021ರಲ್ಲಿ ಕಾರಣ ಸಿಗದ ಹಳೇ ನೋವಿಗೆ ಕೆಲವು ಗಂಟೆಗಳ ಮಿತಿಯಲ್ಲಿ ಕೊಡಬಹುದು ಅಂತು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2020ರಿಂದ ಹಳೇ ಸೊಂಟ ನೋವಿಗೆ 90 ದಿನದಲ್ಲಿ 12 ಸಿಟ್ಟಿಂಗ್‌ಗೆ ದುಡ್ಡು ಕೊಡತ್ತೆ, ಗುಣ ಕಂಡ್ರೆ ಇನ್ನೂ 8, ಕಾಣದಿದ್ರೆ ನಿಲ್ಲಿಸಬೇಕು. ಈ ‘ಕಾಣದಿದ್ರೆ ನಿಲ್ಲಿಸಿ’ ಅನ್ನೋದು ನನಗೆ ಹಿಡಿಸ್ತು. ನಮ್ಮ ಕೇಂದ್ರ ಸರ್ಕಾರವೂ 2019ರಲ್ಲಿ ಅಕ್ಯುಪಂಕ್ಚರನ್ನ ಒಂದು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಮಾನ್ಯ ಮಾಡಿದೆ, ಆದ್ರೆ ಬೋರ್ಡ್ ಹಾಕ್ಕೊಂಡವರೆಲ್ಲ ಕಲಿತವರೇ ಅಂತಲ್ಲ, ಎಲ್ಲಿ ಎಷ್ಟು ವರ್ಷ ಕಲಿತ್ರಿ ಅಂತ ಸಂಕೋಚ ಇಲ್ದೆ ಕೇಳಿ.

ನಿಮ್ಮ ವಿಷಯಕ್ಕೆ ಹೇಳೋದಾದ್ರೆ, ಮುಂದುವರಿಸಿ. ಒಟ್ಟು 8-10 ಸಿಟ್ಟಿಂಗ್ ತನಕ ನೋಡಿ, ಅಲ್ಲಿಗೆ ಇನ್ನೂ ಕಮ್ಮಿ ಆಗ್ತಾ ಇದ್ರೆ ಸರಿ, ನಿಂತಲ್ಲೇ ನಿಂತಿದ್ರೆ ಪ್ಯಾಕೇಜ್ ಕಟ್ಟಿಸ್ಕೊಳ್ಳೋಕೆ ಹೋಗಬೇಡಿ. ಸವೆದ ಡಿಸ್ಕನ್ನ ಸೂಜಿ ರಿಪೇರಿ ಮಾಡಲ್ಲ, ಯಾರಾದ್ರೂ ಹಂಗೆ ಹೇಳಿದ್ರೆ ಅನುಮಾನ ಪಡಿ. ನೋವು ಅರ್ಧಕ್ಕೆ ಇಳಿದಿರೋ ಈ ದಿನಗಳನ್ನ ಮಲಗಿ ಕಳೀಬೇಡಿ, ಇದೇ ಸಮಯ ದಿನಾ 20 ನಿಮಿಷ ನಡಿಗೆ ಶುರುಮಾಡಿ, ಫಿಸಿಯೋ ಹತ್ರ ಸೊಂಟ, ಹೊಟ್ಟೆಯ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ ಕಲೀರಿ. ಸೂಕ್ಷ್ಮ ಆಗಿರೋ ಬೆನ್ನುಹುರಿಗೆ ‘ಬಗ್ಗಿದ್ರೂ ಏನೂ ಆಗಲ್ಲ’ ಅಂತ ಪಾಠ ಹೇಳೋದು ಆ ನಡಿಗೆಯೇ, ಪಾಠ ಹೇಳೋದು ನಿಮಗೆ ನಾನು ಕಲಿಸಬೇಕಿಲ್ಲ.

ಸೂಜಿ ಪ್ರತಿ ಸಲ ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ ಒಡೆದು ತೆಗೀಬೇಕು. ರಕ್ತ ತೆಳು ಮಾಡೋ ಮಾತ್ರೆ ತಗೋತಿದ್ರೆ ಮೊದಲೇ ಹೇಳಿ, ಪೇಸ್‌ಮೇಕರ್ ಇದ್ದವರಿಗೆ ಕರೆಂಟ್ ಬೇಡ, ಬಸುರಿಯರು ಕೇಳದೆ ಹೋಗಬಾರದು. ಬೆನ್ನಿನ ಮೇಲ್ಭಾಗ, ಭುಜದ ಹತ್ರ ಆಳಕ್ಕೆ ಚುಚ್ಚಿದ್ರೆ ಅಪರೂಪಕ್ಕೆ ಶ್ವಾಸಕೋಶಕ್ಕೆ ತೂತಾಗತ್ತೆ, ಸಿಟ್ಟಿಂಗ್ ಆದ ಮೇಲೆ ಎದೆ ಚುಚ್ಚಿ ಉಸಿರು ಸಿಗದಂಗಾದ್ರೆ ಸೀದಾ ಆಸ್ಪತ್ರೆಗೆ ಹೋಗಿ. ಕಾಲಿಗೆ ಬಲ ಇಲ್ಲದಂಗಾಗೋದು, ತೊಡೆ ಸಂದಿ ಮರಗಟ್ಟೋದು, ಮೂತ್ರ ಹಿಡಿತ ತಪ್ಪೋದು, ಜ್ವರದ ಜೊತೆ ಸೊಂಟ ನೋವು, ಕಾರಣ ಇಲ್ದೆ ತೂಕ ಇಳಿಯೋದು, ಇದರಲ್ಲಿ ಯಾವುದಿದ್ರೂ ಸೂಜಿಗೆ ಕಾಯಬೇಡಿ, ಅವತ್ತೇ ಡಾಕ್ಟ್ರಿಗೆ ತೋರಿಸಿ.

ಆಮೇಲೆ, ನೀವು ಗ್ಯಾಸ್ಟ್ರಿಕ್ ಅಂತ ಬರೆದ್ರಿ, ಯಾವ ಮಾತ್ರೆ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ ಅಂತ ಬರೆದಿಲ್ಲ. ಮಲ ಕಪ್ಪಗೆ ಟಾರಿನ ತರ ಹೋಗ್ತಿದ್ಯಾ ನೋಡ್ಕೊಳ್ಳಿ, ಹೋಗ್ತಿದ್ರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಇಲ್ಲದಿದ್ರೂ ಒಂದು ಸಲ ಕ್ರಿಯಾಟಿನಿನ್ ಅನ್ನೋ ರಕ್ತಪರೀಕ್ಷೆ ಮಾಡಿಸಿ, ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದ ಕಿಡ್ನಿ ಹೆಂಗಿದೆ ಅಂತ ಗೊತ್ತಾಗಲಿ, ರಿಪೋರ್ಟ್ ಬಂದ ಮೇಲೆ ಬರೀರಿ.